ಜರುಗದ ಘಟನೆಗೊಂದು ಸಮಜಾಯಿಷಿ

ಜಿಲ್ಲಾ ವಿಜ್ಞಾನ ದಿನಾಚರಣೆ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ತಾವು ಕಳಿಸಿದ ಕಾರಣ ಕೇಳುವ ನೋಟಿಸ್ ತಲುಪಿದೆ. ಸೆಪ್ಟೆಂಬರ್ ಹದಿನೈದರಂದು ಚಿಕ್ಕಬಳ್ಳಾಪುರದಲ್ಲಿ ನಡೆದ ಸಮಾರಂಭದಲ್ಲಿ ನನ್ನ ವಿದ್ಯಾರ್ಥಿನಿ, ಒಂಬತ್ತನೇ ತರಗತಿಯ ನೌರೀನ್, "ಅನುಮೋದಿತ ಪಟ್ಟಿಯಲ್ಲಿಲ್ಲದ, ಜರುಗದ ಘಟನೆಯೊಂದನ್ನು" ವೇದಿಕೆಯ ಮೇಲೆ ಓದಿ ಗಣ್ಯರಿಗೆ ಮುಜುಗರ ಉಂಟುಮಾಡಿದಳಂತೆ. ಅವಳನ್ನು ತಯಾರು ಮಾಡಿದ ಶಿಕ್ಷಕಿಯಾದ ನಾನು ಲಿಖಿತ ಸಮಜಾಯಿಷಿ ಕೊಡಬೇಕಂತೆ. ತಾನು ಓದಿದ್ದು ಸುಳ್ಳೆಂದು ಹುಡುಗಿ ಸ್ವಂತ ಕೈಬರಹದಲ್ಲಿ ಬರೆದು, ಪೋಷಕರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿಸಿ ಸಲ್ಲಿಸಬೇಕಂತೆ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ನಡೆಯುವ ರಾಜ್ಯಮಟ್ಟದ ವಿಜ್ಞಾನ ಸ್ಪರ್ಧೆಗೆ ಅವಳ ಹೆಸರು ಹೋಗುವುದಿಲ್ಲವಂತೆ. ಸರಿ, ಸಮಜಾಯಿಷಿ ಕೊಡುತ್ತಿದ್ದೇನೆ. ಲಕೋಟೆಯಲ್ಲಿಟ್ಟು ಕಳಿಸಿದರೆ ತಮ್ಮ ಕಚೇರಿಯಲ್ಲಿ ಅದೂ ಒಂದು ಜರುಗದ ಘಟನೆಯಾಗಿಬಿಡುತ್ತದೆಂಬ ಭಯದಿಂದ ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ.

ಮೊದಲು ಪಟ್ಟಿಯ ವಿಚಾರ. ಶಿಡ್ಲಘಟ್ಟದ ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ಮುಂದೆ ಬಂದು "ಈ ದಿನ, ಆ ವರ್ಷ" ಎಂದು ಓದುತ್ತದೆ. ಆ ತಾರೀಖಿನಂದು ಲೋಕದಲ್ಲಿ ಯಾವ ಯಂತ್ರ ಮೊದಲು ಓಡಿತು, ಯಾವ ಔಷಧ ಸಿಕ್ಕಿತು, ಯಾರು ಹುಟ್ಟಿದರು ಎಂಬ ಕೆಲವು ಸಾಲುಗಳು. ಇಷ್ಟು ಎಲ್ಲ ಶಾಲೆಗಳಲ್ಲೂ ಇರುವುದೇ. ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಕಡೆಯ ಸಾಲು ಓದುವ ಮಗುವಿನ ಮನೆಯದಾಗಿರಬೇಕು. ಮಕ್ಕಳು ಅದನ್ನು "ನಮ್ಮನೆ ಸಾಲು" ಎಂದು ಕರೆಯುತ್ತಾರೆ. ಮನೆಯ ಹಿರಿಯರ ಜೀವ ತಿಂದು ತಾರೀಖು ಗೊತ್ತುಮಾಡಿಕೊಂಡು ಬರಬೇಕು. ಇದೇ ದಿನ ನಮ್ಮಜ್ಜಿ ಮೊದಲ ಸಲ ಗ್ಯಾಸ್ ಒಲೆ ಹಚ್ಚಿ, ಹೆದರಿ ಬೀದಿಗೆ ಓಡಿದರು. ಇದೇ ದಿನ ನಮ್ಮ ಬೀದಿಗೆ ನಲ್ಲಿ ಬಂತು, ನೀರು ಆಮೇಲೆ ಬಂತು. ಸಿದ್ಧಾರ್ಥ್ ಎಂಬ ಹುಡುಗ ಒಮ್ಮೆ ಗಂಭೀರವಾಗಿ ನಿಂತು, "ಇದೇ ದಿನ ನಮ್ಮ ತಾತ ಕೋನಪ್ಪನೋರು ಒದ್ದೆ ಕೈಯಲ್ಲಿ ಮೋಟಾರ್ ಸ್ವಿಚ್ ಹಾಕಿ, ವಿದ್ಯುತ್ತನ್ನ ಕಂಡುಹಿಡಿದ್ರು" ಎಂದು ಓದಿದಾಗ ಮುಖ್ಯೋಪಾಧ್ಯಾಯರೂ ನಕ್ಕು ಕಣ್ಣೊರೆಸಿಕೊಂಡರು. ಈ ಪದ್ಧತಿ ಶುರುಮಾಡಿದವಳು ನಾನು. ವಿಜ್ಞಾನವೆಂದರೆ ಬೇರೆ ದೇಶದಲ್ಲಿ, ಬೇರೆಯವರ ಮನೆಯಲ್ಲಿ, ಸತ್ತುಹೋದವರಿಗೆ ಆಗುವಂಥದ್ದು ಎಂದು ನನ್ನ ಮಕ್ಕಳು ನಂಬಿಬಿಟ್ಟಿದ್ದರು. ಆ ನಂಬಿಕೆ ಬಿಡಿಸಬೇಕಿತ್ತು.

ಜೂನ್ ತಿಂಗಳಲ್ಲಿ ತಾವೇ ನಮ್ಮ ಶಾಲೆಗೆ ಬಂದಿರಿ. ಪ್ರಾರ್ಥನೆಯಲ್ಲಿ ನೌರೀನ್ ಓದಿದ್ದನ್ನು ಕೇಳಿದಿರಿ. ಅವತ್ತಿನ ಅವಳ ಮನೆ ಸಾಲು, ಅವರಪ್ಪ ಹೊಸ ಮೊಬೈಲನ್ನು ಅನ್ನದ ಪಾತ್ರೆಯೊಳಗೆ ಬೀಳಿಸಿದ ದಿನದ ಬಗ್ಗೆ ಇತ್ತು. ತಾವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಏನ್ ಚೆನ್ನಾಗ್ ಓದ್ತಾಳ್ರೀ ಮಗು! ಸೆಪ್ಟೆಂಬರ್ ಫಂಕ್ಷನ್‌ಗೆ ಇವಳ್ನೇ ಕರ್ಕೊಂಡ್ ಬನ್ನಿ ಮೇಡಂ" ಎಂದಿರಿ. ನಗು ಬರಿಸುವ ಮನೆ ಸಾಲು ತಮಗೆ ಹಿಡಿಸಿತ್ತು. ಮನೆ ಎಂದ ಮೇಲೆ ಅಲ್ಲಿ ನಗುವುದಕ್ಕೆ ಆಗದ್ದೂ ನಡೆಯುತ್ತದೆ ಎನ್ನುವುದು ತಮಗೆ ಹೊಳೆಯಲಿಲ್ಲವೇ?

ಸಮಾರಂಭಕ್ಕೆ ಮುನ್ನ ತಮ್ಮ ಕಚೇರಿಯಿಂದ ಸೆಪ್ಟೆಂಬರ್ ಹದಿನೈದರ ಪಟ್ಟಿ ಬಂತು. ಮುದ್ದೇನಹಳ್ಳಿಯಲ್ಲಿ ಹುಟ್ಟಿ ನಾಡಿಗೆಲ್ಲ ಹೆಸರಾದ ಎಂಜಿನಿಯರರ ಜನ್ಮದಿನ ಮೊದಲ ಸಾಲು. ದೆಹಲಿಯಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ಶುರುವಾದ ದಿನ ಎರಡನೆಯದು. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗದ ಉದ್ಘಾಟನೆ ಮೂರನೆಯದು. ಮೂರೂ ಒಳ್ಳೆಯ ಸಾಲುಗಳೇ, ತಕರಾರಿಲ್ಲ. ನೌರೀನ್ ಹುಡುಕಿ ಓದುವ ಹುಡುಗಿ. ಆ ರೈಲಿನ ಬಗ್ಗೆ ಇನ್ನಷ್ಟು ತಿಳಿದುಕೊಂಡು ಬಂದಳು. ಉದ್ಘಾಟನೆಯ ದಿನ ಎಂಜಿನ್ನಿಗೆ ನೀರು ತುಂಬಿಸಲು ರೈಲು ನಿಂತಾಗ ಅತಿಥಿಗಳು ಹಳಿಗೆ ಇಳಿದರು. ಅವರಲ್ಲೊಬ್ಬ ಸಂಸತ್ ಸದಸ್ಯರಿಗೆ ಪಕ್ಕದ ಹಳಿಯಲ್ಲಿ ಬಂದ ಎಂಜಿನ್ ಬಡಿಯಿತು. ಅದೇ ದಿನ ಅವರು ತೀರಿಕೊಂಡರು. ವೇದಿಕೆಯಲ್ಲಿ ಅವಳು ಇದನ್ನೂ ಓದಿದಳು. ಇದು ತಮ್ಮ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಯಾರೂ ತಡೆಯಲಿಲ್ಲ. ಸಭೆಯಲ್ಲಿ "ಅಯ್ಯೋ ಪಾಪ" ಎಂಬ ಸದ್ದು ಎದ್ದಿತು. ತಾವೂ "ಛೆ, ಛೆ" ಎಂದಿರಿ, ನಾನು ತಮ್ಮ ಕುರ್ಚಿಯ ಹಿಂದೆಯೇ ನಿಂತಿದ್ದೆ. ಇನ್ನೂರು ವರ್ಷದ ಹಿಂದೆ ಸತ್ತ ಇಂಗ್ಲೆಂಡಿನ ದೊರೆಗಾಗಿ ಚಿಕ್ಕಬಳ್ಳಾಪುರದ ಸಭಾಂಗಣ ಮರುಗಿತು. ಮರುಗಲಿ, ಮನುಷ್ಯನೇ ತಾನೆ.

ಆಮೇಲೆ ಹುಡುಗಿ ತನ್ನ ಮನೆ ಸಾಲಿಗೆ ಬಂದಳು. "ಹೋದ ವರ್ಷ ಇದೇ ದಿನ ನಮ್ಮೂರಿನ ಒಂದು ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಹಬೆಯ ಕೊಳವೆ ಸಿಡಿಯಿತು. ಬಾಯ್ಲರ್‌ಗೆ ಸೌದೆ ಹಾಕುತ್ತಿದ್ದ ಆವಲಪ್ಪ ಎಂಬುವರು ಅದರಿಂದಲೇ ತೀರಿಕೊಂಡರು. ಅವರನ್ನು ಎಳೆಯಲು ಹೋಗಿ ನಮ್ಮ ಅಮ್ಮಿಯ ಎರಡೂ ಕೈ..." ಅಷ್ಟರಲ್ಲಿ ತಮ್ಮ ಕೈ ಮೈಕಿನ ಮೇಲೆ ಬಂತು.

"ಯಾರಮ್ಮ ಇದನ್ನ ಬರೆಸಿದ್ದು? ಪಟ್ಟಿಲಿ ಇದ್ಯಾ ಇದು?"

"ಇಲ್ಲ ಸಾರ್. ನಮ್ಮನೆ ಸಾಲು."

"ಅಂಥದ್ದೆಲ್ಲ ಏನೂ ಆಗಿಲ್ಲ. ಹೋಗಮ್ಮ, ಹೋಗಿ ಕೂತ್ಕೋ."

ಕೂತುಕೊಂಡಳು. ಅವತ್ತಿನಿಂದ ಶಾಲೆಯ ಪ್ರಾರ್ಥನೆಯಲ್ಲೂ ಮುಂದೆ ಬರುತ್ತಿಲ್ಲ. ಕರೆದರೆ, "ಬೇರೆಯೋರು ಓದ್ಲಿ ಮಿಸ್" ಎನ್ನುತ್ತಾಳೆ. ಪಾಠದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಈಗ ಪುಸ್ತಕ ನೋಡಿಕೊಂಡು ಕೂರುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ. ಬೇರೆ ಗೌರವಯುತ ಪದ ಸಿಗಲಿಲ್ಲ.

ಈಗ ಆ ಜರುಗದ ಘಟನೆಗೆ ಬರೋಣ. ತಮಗೆ ಗೊತ್ತಿಲ್ಲದಿದ್ದರೆ ತಿಳಿಯಲಿ, ಗೊತ್ತಿದ್ದರೆ ಓದುಗರಿಗಾದರೂ ತಿಳಿಯಲಿ. ರೇಷ್ಮೆ ಬಿಚ್ಚುವ ಘಟಕದಲ್ಲಿ ಬಾಯ್ಲರಿನಿಂದ ಹಬೆ ಕೊಳವೆಗಳಲ್ಲಿ ಹರಿದು ರೇಷ್ಮೆಗೂಡು ಬೇಯಿಸುವ ಬೇಸಿನ್‌ಗಳ ನೀರು ಕಾಯಿಸುತ್ತದೆ. ಬೆಂದ ಗೂಡಿನಿಂದ ಎಳೆಯ ತುದಿ ಹಿಡಿದು ಯಂತ್ರಕ್ಕೆ ಕೊಡುವ ಕೆಲಸ ಹೆಂಗಸರದು. ನೌರೀನಳ ತಾಯಿ ವಜೀರುನ್ನೀಸಾ ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಂದಿನಿಂದ ಆ ಕೆಲಸದಲ್ಲಿದ್ದವರು. ಹೋದ ವರ್ಷ ಸೆಪ್ಟೆಂಬರ್ ಹದಿನೈದಕ್ಕೆ ಅವರ ಘಟಕದ ಬಾಯ್ಲರ್ ತಪಾಸಣೆ ಇತ್ತು. ಸಾಹೇಬರು ಬರುತ್ತಾರೆಂದರೆ ನಮ್ಮ ಕಡೆ ಏನು ಮಾಡುತ್ತಾರೆ ಎನ್ನುವುದು ತಮಗೆ ಗೊತ್ತೇ ಇದೆ, ತಾವೂ ಸಾಹೇಬರೇ. ಬೆಳಿಗ್ಗೆಯೇ ಕೆಲಸ ನಿಲ್ಲಿಸಿ ನೆಲ ತೊಳೆದರು. ಬಾಗಿಲಿಗೆ ರಂಗೋಲಿ ಹಾಕಿದರು. ಬಾಯ್ಲರಿಗೆ ಕುಂಕುಮವಿಟ್ಟು ಹಾರ ಹಾಕಿದರು. ಹೆಂಗಸರು ಒಳ್ಳೆ ಸೀರೆ ಉಟ್ಟು ಗೋಡೆಯ ಪಕ್ಕ ಸಾಲಾಗಿ ನಿಂತರು. ಸಾಹೇಬರ ಬಟ್ಟೆಗೆ ಹನಿ ಸಿಡಿಯದಿರಲೆಂದು ಬೇಸಿನ್‌ಗಳಿಗೆ ಹೋಗುವ ಹಬೆಯನ್ನು ಮುಚ್ಚಿದರು. ಬೆಂಕಿ ಮಾತ್ರ ಆರಿಸಲಿಲ್ಲ. "ಸಾಹೇಬ್ರು ಬಂದಾಗ ಹಬೆ ಪೂರ್ತಿ ಇರ್ಬೇಕು, ಇಲ್ದಿದ್ರೆ ಮರ್ಯಾದೆ ಇರಲ್ಲ" ಎಂದು ಮಾಲೀಕರು ಹೇಳಿ ಹೋದರು. ಆವಲಪ್ಪ ಸೌದೆ ತುಂಬುತ್ತಲೇ ಇದ್ದರು. ಹೆಚ್ಚಾದ ಹಬೆಯನ್ನು ಹೊರಗೆ ಬಿಡಬೇಕಾದ ವಾಲ್ವ್ ಕಚ್ಚಿಕೊಂಡಿತ್ತು. ಅದನ್ನು ಪರೀಕ್ಷಿಸಲೆಂದೇ ತಪಾಸಣೆ ಇದ್ದದ್ದು.

ಸಾಹೇಬರು ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಹೋದ ವರ್ಷವೂ ನಾನು ಮಕ್ಕಳನ್ನು ಕರೆದುಕೊಂಡು ತಮ್ಮ ಸಮಾರಂಭಕ್ಕೆ ಬಂದಿದ್ದೆ. ಆ ತಪಾಸಣಾಧಿಕಾರಿಗಳು ತಮ್ಮ ವೇದಿಕೆಯ ಮೇಲೆ, ತಮ್ಮ ಪಕ್ಕದಲ್ಲಿ, ಮೈಸೂರು ಪೇಟ ಹಾಕಿಸಿಕೊಂಡು ಕೂತಿದ್ದರು. ಪಾಪ, ಅವರದ್ದೇನು ತಪ್ಪು? "ಎಲ್ಲ ಇಲಾಖೆಗಳ ಅಧಿಕಾರಿಗಳು ಇತರ ಕಾರ್ಯಗಳನ್ನು ಮುಂದೂಡಿ ಕಡ್ಡಾಯವಾಗಿ ಹಾಜರಿರತಕ್ಕದ್ದು" ಎಂದು ತಮ್ಮ ಸಮಿತಿಯೇ ಸುತ್ತೋಲೆ ಹೊರಡಿಸಿತ್ತು. ಅದರ ಪ್ರತಿ ನಮ್ಮ ಶಾಲೆಗೂ ಬಂದಿತ್ತು. ಎಂಜಿನಿಯರ್‌ಗಳ ದಿನ ಆಚರಿಸುವುದಕ್ಕಾಗಿ ಎಂಜಿನಿಯರ್ ಮಾಡಬೇಕಾದ ಕೆಲಸವನ್ನು ತಪ್ಪಿಸಿದ ಹೆಗ್ಗಳಿಕೆ ತಮ್ಮದು. ತಪಾಸಣೆ ಮುಂದಕ್ಕೆ ಹೋಗಿದೆ ಎಂದು ಆ ಘಟಕಕ್ಕೆ ಒಂದು ಫೋನ್ ಕೂಡ ಯಾರೂ ಮಾಡಲಿಲ್ಲ. ಬಂದೇ ಬರುತ್ತಾರೆಂದು ಅವರು ಕಾದರು, ಬಾಯ್ಲರೂ ಕಾದಿತು.

ಮಧ್ಯಾಹ್ನದ ಹೊತ್ತಿಗೆ ಕೊಳವೆ ಕುಯ್ಯೋ ಎನ್ನತೊಡಗಿತು. ಆವಲಪ್ಪನವರು "ಪೊಯ್ಯಿ ಆರ್ಪಂಡಮ್ಮಾ!" ಎಂದು ತೆಲುಗಿನಲ್ಲಿ ಕೂಗಿದರಂತೆ, ಒಲೆ ಆರಿಸಿ ಎಂದು. ಕೂಗುತ್ತಲೇ ಬೇಸಿನ್ ಕಡೆಯ ತಿರುಪು ಬಿಡಿಸಲು ಓಡಿದರು. ಕೈ ಇಡುವಷ್ಟರಲ್ಲಿ ಕೊಳವೆಯ ಕೀಲು ಕಿತ್ತುಬಂತು. ಹಬೆ ಅವರ ಎದೆಗೇ ಹೊಡೆಯಿತು. ಎಲ್ಲರೂ ಹೊರಗೆ ಓಡಿದರು, ಓಡಬೇಕಾದದ್ದೇ. ವಜೀರುನ್ನೀಸಾ ಮಾತ್ರ ಆ ಹಬೆಯೊಳಗೆ ಎರಡೂ ಕೈ ಹಾಕಿ ಆವಲಪ್ಪನವರ ಅಂಗಿ ಹಿಡಿದು ಎಳೆದರು. ಎಳೆದುಕೊಂಡು ಬಾಗಿಲವರೆಗೂ ಬಂದರು. ಕೆಲವು ದಿನಗಳಾದ ಮೇಲೆ ಆವಲಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸ್ನಾನಕ್ಕೆ ಕಾಯಿಸಿದ ನೀರು ಮನೆಯಲ್ಲಿ ಮೈಮೇಲೆ ಬಿದ್ದು ಸತ್ತರೆಂದು ದಾಖಲಾಯಿತು. ಹಬ್ಬದ ದಿನದ ಮರ್ಯಾದೆ ಉಳಿಯಿತು. ಮಾಲೀಕರ ಮರ್ಯಾದೆ, ಪೇಟ ಹಾಕಿಸಿಕೊಂಡವರ ಮರ್ಯಾದೆ, ಹಾಕಿದವರ ಮರ್ಯಾದೆ, ಎಲ್ಲವೂ ಉಳಿಯಿತು.

ದಾಖಲೆಯಲ್ಲಿಲ್ಲ, ಆದ್ದರಿಂದ ಜರುಗಿಲ್ಲ ಎನ್ನುತ್ತೀರಿ. ಇದೊಂದು ಹೊಸ ವಿಜ್ಞಾನ, ಇದಕ್ಕೂ ಒಂದು ದಿನಾಚರಣೆ ಮಾಡಬಹುದು. ಬೆಂಕಿ, ನೀರು, ಹಬೆ ಎಲ್ಲವೂ ತಮ್ಮ ಸುತ್ತೋಲೆ ಓದಿಕೊಂಡೇ ವರ್ತಿಸುತ್ತವೆ ಎನ್ನುವ ವಿಜ್ಞಾನ ಅದು. ನಾನು ಕಲಿತದ್ದು ಬೇರೆ. ಯಾರ ಹುಟ್ಟುಹಬ್ಬಕ್ಕೆ ತಾವು ಹಾರ ಹಾಕಿದಿರೋ ಆ ಮಹನೀಯರು ಅಣೆಕಟ್ಟಿಗೆ ಎಂಥ ಗೇಟು ಮಾಡಿದರೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ನೀರು ಮಿತಿ ಮೀರಿದರೆ ಯಾರ ಅಪ್ಪಣೆಗೂ ಕಾಯದೆ ತಾನೇ ತೆರೆದುಕೊಳ್ಳುವ ಗೇಟು. ಒಬ್ಬ ಅಧಿಕಾರಿ ಆ ಹೊತ್ತಿಗೆ ಎಲ್ಲಿ ಕೂತಿರುತ್ತಾನೋ ಎಂದು ಅವರಿಗೆ ಆಗಲೇ ಅಂದಾಜಿತ್ತೋ ಏನೋ. ಅಂಥವರ ಹುಟ್ಟಿದ ದಿನ, ಅವರ ಊರಿಗೆ ಹತ್ತಿರದಲ್ಲೇ, ಒಂದು ಬಾಯ್ಲರ್ ಸಾಹೇಬರಿಗಾಗಿ ಹೊಟ್ಟೆ ತುಂಬ ಹಬೆ ಇಟ್ಟುಕೊಂಡು ಕಾಯುತ್ತಿತ್ತು. ಇದಕ್ಕಿಂತ ದೊಡ್ಡ ಅವಮಾನವನ್ನು ಅವರಿಗೆ ಯಾರು ಮಾಡಲು ಸಾಧ್ಯ? ಆ ಹುಡುಗಿ ಎರಡು ಸಾಲು ಓದಿದ್ದು ಅವಮಾನವೇ?

ಇನ್ನು ಗಣ್ಯರ ಮುಜುಗರ. ಲಿವರ್‌ಪೂಲಿನ ಅತಿಥಿಯ ಸಾವನ್ನು ಚರಿತ್ರೆ ಬರೆದಿಟ್ಟುಕೊಂಡಿದೆ. ಅಲ್ಲಿಯೂ ಗಣ್ಯರಿದ್ದರು, ಅಲ್ಲಿಯೂ ಹಬ್ಬವೇ ನಡೆದಿತ್ತು. ಮನೆಯಲ್ಲಿ ಬಿಸಿನೀರು ಬಿದ್ದು ಸತ್ತರೆಂದು ಅವರು ಬರೆದುಕೊಳ್ಳಲಿಲ್ಲ. ನಮ್ಮ ಆವಲಪ್ಪ ಸಂಸತ್ ಸದಸ್ಯರಾಗಿರಲಿಲ್ಲ ಎನ್ನುವುದು ನಿಜ. ಸೌದೆ ಹಾಕುವವರು ಸತ್ತರೆ ಅದು ಕೈಗಾರಿಕೆಯ ಚರಿತ್ರೆಗೆ ಸೇರುವುದಿಲ್ಲ ಎಂಬ ನಿಯಮ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ. ಮಕ್ಕಳಿಗೆ ಅದನ್ನೂ ಪಾಠ ಮಾಡುತ್ತೇನೆ.

ತಮ್ಮ ನೋಟಿಸ್ ಬಂದ ದಿನ ನನ್ನ ಯಜಮಾನರು ವರದರಾಜ, ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವರು, ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. "ಪಂಕಜಾ, 'ಕಣ್ತಪ್ಪಿನಿಂದಾಗಿದೆ, ಮನ್ನಿಸಬೇಕು' ಅಂತ ಬರ್ದು ಬಿಸಾಕೇ. ಫೈಲ್ ಮುಚ್ಕೊಳುತ್ತೆ" ಎಂದರು. ಅವರು ಕೆಟ್ಟವರಲ್ಲ. ಫೈಲ್ ಮುಚ್ಚಿದರೆ ಎಲ್ಲ ಮುಗಿಯಿತೆಂದು ನಂಬಿ ಬದುಕಿದವರು. ನನಗೂ ಭಯವಿದೆ. ನಿವೃತ್ತಿಗೆ ಇನ್ನೂ ವರ್ಷಗಳಿವೆ, ಶಾಲೆಯ ಆಡಳಿತ ಮಂಡಳಿಗೂ ನೋಟಿಸಿನ ಪ್ರತಿ ಹೋಗಿದೆ. ನನ್ನ ಮಟ್ಟಿಗೆ ಮಾತ್ರವಾಗಿದ್ದರೆ ಬಹುಶಃ ಬರೆದೇ ಬಿಸಾಕುತ್ತಿದ್ದೆ. ಆದರೆ ಹುಡುಗಿಯಿಂದಲೂ ಬರೆಸಬೇಕಿತ್ತಲ್ಲ.

ಆದ್ದರಿಂದ ಒಂದು ಸಂಜೆ ಬಿಳಿ ಹಾಳೆ, ಪೆನ್ನು, ಇಂಕ್ ಪ್ಯಾಡ್ ಹಿಡಿದುಕೊಂಡು ನೌರೀನಳ ಮನೆಗೆ ಹೋದೆ. ಅವಳ ತಂದೆ ತಾಜ್ ಪಾಷಾ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುವವರು. ಆ ಹೊತ್ತಿಗೆ ಮನೆಯಲ್ಲೇ ಇದ್ದರು, ಮಗಳ ಜಡೆ ಹಾಕುತ್ತಿದ್ದರು. ಒಂದು ವರ್ಷದಿಂದ ಆ ಹುಡುಗಿಯ ಜಡೆ ಸೊಟ್ಟಗಿರುವುದನ್ನು ತರಗತಿಯಲ್ಲಿ ದಿನಾ ನೋಡುತ್ತೇನೆ. ಮೊದಲು ಅದು ನೂಲು ಹಿಡಿದ ಹಾಗೆ ನೆಟ್ಟಗಿರುತ್ತಿತ್ತು. ವಜೀರುನ್ನೀಸಾ ಗೋಡೆಗೆ ಒರಗಿ ಕೂತಿದ್ದರು. ಅವರ ಅಂಗೈಗಳು ಪೂರ್ತಿ ಬಿಚ್ಚುವುದಿಲ್ಲ. ಚಹದ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಾರೆ. ನೋಟಿಸಿನಲ್ಲಿ ಏನಿದೆ ಎಂದು ನಾನು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ.

"ಬರ್ದು ಕೊಟ್ಬಿಡ್ಲಿ ಬಿಡಿ ಟೀಚರಮ್ಮ. ಮಗು ಬೆಂಗಳೂರ್ಗೆ ಹೋಗ್ಬೇಕಲ್ಲ. ಆಗಿದ್ದು ಆಗೋಯ್ತು, ಬರೆದ್ರೆ ನನ್ ಕೈ ಇನ್ನೇನ್ ಸುಡಲ್ಲ."

ನೌರೀನ್ ಹಾಳೆ ಎದುರಿಗಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಕೊನೆಗೆ ತಾಯಿಯನ್ನು ಕೇಳಿದಳು.

"ಏನಂತ ಬರೀಲಿ ಅಮ್ಮಿ? ಏನೂ ಆಗಿಲ್ಲ ಅಂತ ಬರೀತೀನಿ. ನಾಳೆ ಯಾರಾದ್ರೂ ನಿನ್ ಕೈಗೆ ಏನಾಯ್ತು ಅಂತ ಕೇಳಿದ್ರೆ ಏನ್ ಹೇಳ್ಲಿ?"

ಈ ಪ್ರಶ್ನೆ ನನಗೆ ಬಿ.ಎಸ್ಸಿ.ಯಲ್ಲೂ ಬಂದಿರಲಿಲ್ಲ, ಬಿ.ಎಡ್.ನಲ್ಲೂ ಬಂದಿರಲಿಲ್ಲ. ಹುಡುಗಿ ತಲೆ ಬಗ್ಗಿಸಿ ಬರೆಯತೊಡಗಿದಳು. ಮುಗಿಸಿ ಹಾಳೆ ನನ್ನ ಕೈಗೆ ಕೊಟ್ಟಳು. "ಏನ್ ಬರ್ದಿದ್ದಾಳೆ ಓದಿ" ಎಂದರು ವಜೀರುನ್ನೀಸಾ. ಓದಿದೆ. ವೇದಿಕೆಯಲ್ಲಿ ಓದಿದ ಅದೇ ಸಾಲುಗಳು. ತಮ್ಮ ಕೈ ಮೈಕಿನ ಮೇಲೆ ಬಂದಾಗ ನಿಂತುಹೋದ ವಾಕ್ಯವನ್ನು ಮಾತ್ರ ಈ ಸಲ ಪೂರ್ತಿ ಮಾಡಿದ್ದಳು: "ನಮ್ಮ ಅಮ್ಮಿಯ ಎರಡೂ ಕೈ ಸುಟ್ಟವು. ಇದು ನಿಜ."

ನಾನು ಅಳಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳು ಹೇಳಿಕೆಯಾಗುತ್ತದೆ. ಈ ಹಾಳೆ ಕಳಿಸಿದರೆ ಸ್ಪರ್ಧೆ ಕೈತಪ್ಪಬಹುದು ಎಂದು ವಜೀರುನ್ನೀಸಾಗೆ ಬಿಡಿಸಿ ಹೇಳಿದೆ. ಪೇಪರಿಗೂ ಕೊಡುವ ಯೋಚನೆ ಇದೆ, ಹೆಸರು ಹಾಕಬಹುದೇ ಎಂದೂ ಕೇಳಿದೆ. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳಲು ಹೋದರು, ಆಗಲಿಲ್ಲ, ತಾಜ್ ಪಾಷಾ ಸರಿಮಾಡಿದರು. "ಹಾಕಿ ಹೆಸ್ರು. ಆವಲಪ್ಪಣ್ಣನ್ ಹೆಸ್ರೂ ಹಾಕಿ. ಇಂಕ್ ತನ್ನಿ ಇಲ್ಲಿ" ಎಂದರು. ಮೊದಲು ಅವರು ಉರ್ದುವಿನಲ್ಲಿ ಸಹಿ ಹಾಕುತ್ತಿದ್ದವರು. ಈಗ ಪೆನ್ನು ನಿಲ್ಲುವುದಿಲ್ಲ. ಗಂಡ ಮಣಿಕಟ್ಟು ಹಿಡಿದುಕೊಂಡರು, ನಾನು ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ ಹಾಳೆಯ ಮೇಲಿಟ್ಟೆ.

ಆ ಹೇಳಿಕೆಯ ಮೂಲ ಪ್ರತಿಯನ್ನು ತಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನನ್ನ ಬೇಡಿಕೆಗಳು ದೊಡ್ಡವಲ್ಲ. ಹುಡುಗಿಯ ಮೇಲಿನ ನೋಟಿಸನ್ನು ಹಿಂದಕ್ಕೆ ಪಡೆದು ಅವಳನ್ನು ಬೆಂಗಳೂರಿಗೆ ಕಳಿಸಿ. ನನ್ನ ಮೇಲಿನದು ಬೇಕಾದರೆ ಇರಲಿ. ಆವಲಪ್ಪನವರ ಮೈ ಎಲ್ಲಿ ಸುಟ್ಟಿತೋ ಅಲ್ಲೇ ಸುಟ್ಟಿತೆಂದು ದಾಖಲೆ ತಿದ್ದಿಸಲು ಸಂಬಂಧಪಟ್ಟವರಿಗೆ ಬರೆಯಿರಿ, ತಪಾಸಣೆ ತಪ್ಪಿಸಿದ ಸುತ್ತೋಲೆ ತಮ್ಮದೇ ಆದ್ದರಿಂದ ಆ ಕಾಗದವೂ ತಮ್ಮಿಂದಲೇ ಹೋಗಲಿ. ಮುಂದಿನ ಸೆಪ್ಟೆಂಬರ್ ಹದಿನೈದರಂದು ಯಾವ ಅಧಿಕಾರಿಯನ್ನೂ ಹಾರ ಹಾಕಲು ಕರೆಯಬೇಡಿ. ಅವರವರ ಕೆಲಸಕ್ಕೆ ಹೋಗಲು ಬಿಡಿ. ತಮ್ಮ ಪಟ್ಟಿಯಲ್ಲಿ ನಾಲ್ಕನೆಯ ಸಾಲಾಗಿ ಆವಲಪ್ಪನವರ ಹೆಸರು ಇರಲಿ. ಅದನ್ನು ನೌರೀನ್ ಓದಲಿ, ಮೈಕು ಅವಳ ಮುಂದೆಯೇ ಇರಲಿ.

ಇಷ್ಟಾದ ಮೇಲೂ ಆ ಘಟನೆ ಜರುಗಿಲ್ಲ ಎಂದೇ ತಮಗೆ ಅನ್ನಿಸಿದರೆ, ನಾನು ಕಳಿಸಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ತಾವೇ ಕೇಳಿದ ಹೆಬ್ಬೆಟ್ಟಿನ ಗುರುತು ಅದರ ಕೆಳಗಿದೆ. ಅದು ಬರೀ ಒಂದು ಕಪ್ಪು ಮಚ್ಚೆ. ಅದರೊಳಗೆ ಒಂದೇ ಒಂದು ಗೆರೆ ಹುಡುಕಿ ತೋರಿಸಿ. ತೋರಿಸಿದರೆ, ಘಟನೆ ಜರುಗಿಲ್ಲವೆಂದು ನಾನೇ ಬರೆದುಕೊಡುತ್ತೇನೆ.

ಇಂತಿ,
ಪಟ್ಟಿಯಲ್ಲಿಲ್ಲದ್ದನ್ನು ಓದಿಸಿದ ಅಪರಾಧಿ, ಇನ್ನು ಮುಂದೆಯೂ ಓದಿಸಲಿರುವವಳು,
ಪಂಕಜ
ವಿಜ್ಞಾನ ಶಿಕ್ಷಕಿ (ಸದ್ಯಕ್ಕೆ), ಶಿಡ್ಲಘಟ್ಟ